ರೋಗಿಗಳ ಸೇವೆ ಮಾಡಬೇಕು ಅಂತ ಕನ್ಯಾಸ್ತ್ರೀ ಆಗಲು ಹೊರಟಿದ್ದೇನೆ, ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಮಾಡಲಿ?

ನಿಮ್ಮ ನರ್ಸಿಂಗ್ ಮುಗಿದಿದೆ, ಕೆಲಸ ಇದೆ, ಮನಸ್ಸು ಮಾತ್ರ ಮಠದ ಕಡೆ. ಮನೆಯಲ್ಲಿ ಅಮ್ಮನ ಅಳು. ನಿಮ್ಮ ವಯಸ್ಸಿನಲ್ಲಿ ನಾನೂ ಹೀಗೇ ಇದ್ದೆ. ಅಮ್ಮನ ಮಾತು ಮೀರಿ ಸೇರಿದೆ. ಒಂದು ಅವಧಿಗಷ್ಟೇ ಇರುವ ಮೊದಲ ವ್ರತ ತೆಗೆದುಕೊಂಡೆ, ಜೀವನಪೂರ್ತಿಯ ಕೊನೆಯ ವ್ರತಕ್ಕೆ ಮುಂಚೆ ಹೊರಗೆ ಬಂದೆ. ಈಗಲೂ ಬೆಂಗಳೂರಿನಲ್ಲೇ ನರ್ಸ್ ಆಗಿದ್ದೇನೆ.

ನನಗೆ ಆಸೆ ಹುಟ್ಟಿಸಿದ್ದು ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಓದುವಾಗ ನಮ್ಮ ವಾರ್ಡ್ ನೋಡಿಕೊಳ್ಳುತ್ತಿದ್ದ ಒಬ್ಬ ಸಿಸ್ಟರ್, ಅಂದರೆ ಕನ್ಯಾಸ್ತ್ರೀ. ಪಾರ್ಶ್ವವಾಯು ಹೊಡೆದ ಅಜ್ಜ ಒಬ್ಬರಿದ್ದರು, ಬೆನ್ನಿನ ತುಂಬಾ ಹುಣ್ಣು. ಡ್ರೆಸ್ಸಿಂಗ್ ಬಿಚ್ಚುವಾಗ ಗಾಜ್ ಅಂಟಿಕೊಂಡಿದ್ದರೆ ನಾವು ಹುಡುಗಿಯರು ಅವಸರದಲ್ಲಿ ಎಳೆದುಬಿಡುತ್ತಿದ್ದೆವು. ಸಿಸ್ಟರ್ ಎಳೆಯುತ್ತಿರಲಿಲ್ಲ. ಸಲೈನ್ ಹಾಕಿ ನೆನೆಸಿ, ಅದು ತಾನಾಗಿ ಬಿಡುವವರೆಗೂ ಅಜ್ಜನ ಹತ್ತಿರ ಅವರ ಊರಿನ ಮಳೆ, ರಾಗಿ, ಹಸು ಅಂತ ಮಾತಾಡುತ್ತಾ ನಿಲ್ಲುತ್ತಿದ್ದರು. ಆಮೇಲೆ ಅಜ್ಜನನ್ನು ಮಗ್ಗುಲು ಬದಲಿಸಿ ಮಲಗಿಸಿ, ಗಡಿಯಾರ ನೋಡಿ, ಎರಡು ಗಂಟೆ ಬಿಟ್ಟು ಮತ್ತೆ ಬರುತ್ತಿದ್ದರು. ನಾನೂ ಇವರ ಹಾಗೆ ಆಗಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ನಾನು ಎಡವಿದ್ದು ಅಲ್ಲಿಂದ ಮುಂದೆ. ನಮ್ಮ ಚರ್ಚಿಗೆ ದೈವಕರೆಯ ಬಗ್ಗೆ, ಅಂದರೆ ಸಿಸ್ಟರ್ ಆಗಲು ದೇವರು ಕರೆಯುವುದರ ಬಗ್ಗೆ ಮಾತಾಡಲು ಬೇರೊಂದು ಸಭೆಯ (ಸಿಸ್ಟರ್‌ಗಳ ಸಂಘದ) ಸಿಸ್ಟರ್‌ಗಳು ಬಂದರು. "ನಮಗೂ ಆಸ್ಪತ್ರೆ ಕೆಲಸ ಇದೆ" ಅಂದರು. ಅಷ್ಟು ಸಾಕಾಯಿತು ನನಗೆ. ನಿಮ್ಮ ಸಭೆಯ ಮುಖ್ಯ ಕೆಲಸ ಯಾವುದು, ಎಷ್ಟು ಜನ ಸಿಸ್ಟರ್‌ಗಳು ಆಸ್ಪತ್ರೆಯಲ್ಲಿದ್ದಾರೆ, ಎಷ್ಟು ಜನ ಶಾಲೆಯಲ್ಲಿ, ನರ್ಸ್ ಆಗಿ ಬಂದವಳನ್ನು ಬೇರೆ ಕೆಲಸಕ್ಕೂ ಹಾಕುತ್ತೀರಾ? ಒಂದನ್ನೂ ಕೇಳಲಿಲ್ಲ. ಕೇಳಿದರೆ ನಂಬಿಕೆ ಕಡಿಮೆ ಅಂದುಕೊಳ್ಳುತ್ತಾರೇನೋ ಅನ್ನುವ ಸಂಕೋಚ. ಬಿಳಿ ಸೀರೆ ಕಂಡರೆ ವಾರ್ಡೇ ಕಣ್ಣಿಗೆ ಬರುತ್ತಿತ್ತು. ಎಲ್ಲ ಸಿಸ್ಟರ್‌ಗಳ ಬದುಕೂ ಒಂದೇ ಅಂದುಕೊಂಡಿದ್ದೆ.

ಒಂದೇ ಅಲ್ಲ. ನಮ್ಮ ಬೆಂಗಳೂರನ್ನೇ ನೋಡಿ. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರು ಮಾಡಿದ್ದು ಗುಡ್ ಶೆಫರ್ಡ್ ಸಿಸ್ಟರ್‌ಗಳು. ಅದಕ್ಕೆ ಎಷ್ಟೋ ಮುಂಚೆ, 1854ರಲ್ಲೇ, ಸೇಕ್ರೆಡ್ ಹಾರ್ಟ್ ಹೆಣ್ಣುಮಕ್ಕಳ ಶಾಲೆ ತೆರೆದವರೂ ಅವರೇ. ಒಂದೇ ಸಭೆ, ಎರಡು ಥರದ ಕೆಲಸ. ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿ ಸಭೆಯ ಸಿಸ್ಟರ್‌ಗಳಿಗಾದರೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಜೊತೆಗೆ ಕಡುಬಡವರ ಸೇವೆ ಅಂತಲೇ ನಾಲ್ಕನೇ ವ್ರತ ಇದೆ. ಹಾಗಾಗಿ "ಸಿಸ್ಟರ್ ಆಗುತ್ತೇನೆ" ಅಂದರೆ ಸಾಲದು, ಯಾವ ಸಭೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮದರ್ ತೆರೇಸಾ ಅವರೇ ಮೊದಲು ಲೊರೆಟೊ ಸಭೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದವರು. ಹೊರಗಿನ ಬಡವರ ಬಳಿ ಹೋಗಬೇಕು ಅಂದಾಗ ರೋಮ್‌ನಿಂದ ಅನುಮತಿ ಬೇಕಾಯಿತು. 1948ರಲ್ಲಿ ಪಟ್ನಾಕ್ಕೆ ಹೋಗಿ ಮೆಡಿಕಲ್ ಮಿಷನ್ ಸಿಸ್ಟರ್‌ಗಳ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಕಲಿತರು.

ನಾನು ಸೇರಿದ್ದು ಮುಖ್ಯವಾಗಿ ಶಾಲೆ ನಡೆಸುವ ಸಭೆ. ಆಸ್ಪತ್ರೆ ಅಂದಿದ್ದು ಹಳ್ಳಿಯ ಒಂದು ಸಣ್ಣ ಡಿಸ್ಪೆನ್ಸರಿ. ಮೊದಲ ವ್ರತ ಆದಮೇಲೆ ಸ್ವಲ್ಪ ಕಾಲ ಅಲ್ಲಿದ್ದೆ, ಆಮೇಲೆ ಹಾಸ್ಟೆಲ್ ವಾರ್ಡನ್ ಮಾಡಿದರು. ಗ್ಯಾಸ್ ಸಿಲಿಂಡರ್ ಲೆಕ್ಕ, ಹುಡುಗಿಯರ ರಜಾ ಚೀಟಿ, ಫೀಸ್ ರಸೀದಿ. ನನಗೆ ಯಾರೂ ಮೋಸ ಮಾಡಲಿಲ್ಲ. ಹೇಳಿದ ಕಡೆ ಹೋಗುತ್ತೇನೆ ಅಂತ ದೇವರ ಮುಂದೆ ಮಾತು ಕೊಟ್ಟಿದ್ದು ನಾನೇ ಅಲ್ವಾ? ಆದರೆ ಒಳಗೊಳಗೇ ಕೊರಗಿದೆ. ಬೆಳಗಿನ ಪೂಜೆಯಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ನಾನಿದ್ದ ಮಠದಲ್ಲೇ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಯೌವನವೆಲ್ಲ ಹೆರಿಗೆ ವಾರ್ಡಿನಲ್ಲಿ ಕಳೆದವರು, ಈಗ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಮೊರದಲ್ಲಿ ಅಕ್ಕಿ ಆರಿಸುತ್ತಾ ಜಪಸರ ಹೇಳಿಕೊಳ್ಳುತ್ತಿದ್ದರು. ವಾರ್ಡ್ ನೆನಪಾಗಲ್ವಾ ಅಂತ ಕೇಳಿದೆ. "ಆಗುತ್ತೆ ಮಗಳೇ, ಆದರೆ ನಾನು ವಾರ್ಡಿಗೆ ಅಂತ ಬಂದವಳಲ್ಲ" ಅಂದರು. ನಾನು ವಾರ್ಡಿಗೆ ಅಂತಲೇ ಬಂದವಳು. ಅದು ಅವತ್ತು ಗೊತ್ತಾಯಿತು. ವ್ರತದ ಅವಧಿ ಮುಗಿದಾಗ ಮುಂದುವರಿಸಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. "ರೋಗಿಗಳ ಸೇವೆಗಾಗಿ ಸಿಸ್ಟರ್ ಆಗಬೇಕು" ಅಂದಿದ್ದೀರಿ. ರೋಗಿಗಳ ಸೇವೆಗೆ ನರ್ಸ್ ಆದರೆ ಸಾಕು, ಅದು ನೀವು ಆಗಲೇ ಆಗಿದ್ದೀರಿ. ನಾಳೆ ವಾರ್ಡ್ ಬಿಡಿಸಿ ಅಡುಗೆಮನೆಗೆ ಹಾಕಿದರೂ ಆ ಪ್ರಾರ್ಥನೆ, ಆ ಕೂಡುಬಾಳು, ಆ ವ್ರತಗಳು ಬೇಕು ಅನಿಸಿದರೆ ಸೇರಿ. ಅನಿಸದಿದ್ದರೆ ಬೇಡ. ನಿಮ್ಮ ಕೈಯಲ್ಲಿ ಆರೈಕೆ ಪಡೆಯುವ ರೋಗಿಗೆ ನೀವು ಯಾವ ಸೀರೆ ಉಟ್ಟಿದ್ದೀರಿ ಅನ್ನುವುದರಿಂದ ನೋವು ಕಡಿಮೆ ಆಗುವುದಿಲ್ಲ.

ಮನೆಯವರ ವಿಷಯ. ಅಮ್ಮನ ಅಳುವನ್ನು ಬರೀ ಮೋಹ ಅಂತ ತಳ್ಳಿಹಾಕಬೇಡಿ. ಬಡತನದ ವ್ರತ ಅಂದರೆ ನಿಮ್ಮ ಸಂಬಳ ಸಭೆಗೆ ಸೇರುತ್ತದೆ, ಮನೆಗೆ ಕಳಿಸುವ ಹಾಗಿಲ್ಲ. ತಮ್ಮನ ಓದು, ಮನೆಯ ಸಾಲ ನಿಮ್ಮ ತಲೆ ಮೇಲಿದ್ದರೆ ಅದನ್ನು ಮೊದಲು ಮುಗಿಸಿ. ದೈವಕರೆ ನಿಜವಾಗಿದ್ದರೆ ಎರಡು ವರ್ಷ ಕಾಯುತ್ತದೆ. ಹೇಗೂ ಅವಸರದ ದಾರಿ ಅಲ್ಲ ಇದು. ನವಶಿಷ್ಯೆಯಾಗಿ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಯಲ್ಲಿ, ಕನಿಷ್ಠ 12 ತಿಂಗಳು, ಆಮೇಲೆ ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ, ಅದಾದ ಮೇಲೇ ಕೊನೆಯ ವ್ರತ.

ಸೇರುವ ಮುಂಚೆ ಆ ಸಭೆಯ ಮನೆಯಲ್ಲಿ ಕೆಲವು ದಿನ ಇದ್ದು ಬನ್ನಿ, ಸಾಧ್ಯವಾದರೆ ಅಮ್ಮನನ್ನೂ ಒಂದು ದಿನ ಕರೆದುಕೊಂಡು ಹೋಗಿ. ನಾನು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಮೇಲೆ ಬರೆದಿದ್ದೇನೆ, ಅವನ್ನೆಲ್ಲ ನೇರವಾಗಿ ಕೇಳಿ. ಒಳ್ಳೆಯ ಸುಪೀರಿಯರ್ (ಸಭೆಯ ಮುಖ್ಯಸ್ಥೆ) ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಗೆ ಹೋದರೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಹಾಳಾಗದ ಹಾಗೆ ನೋಡಿಕೊಳ್ಳಿ, ಸರ್ಟಿಫಿಕೇಟ್‌ಗಳ ಒಂದೊಂದು ಪ್ರತಿ ಮನೆಯಲ್ಲೂ ಇಟ್ಟಿರಿ.