ಪ್ರತಿ: ಕಂದು ಮೊಟ್ಟೆಯ ಹಳದಿ ಯಾಕೆ ಪೇಲವ?

ನಾಟಿ ಅಂತ ಕಂದು ಮೊಟ್ಟೆಗೆ ಜಾಸ್ತಿ ದುಡ್ಡು ಕೊಟ್ಟೆ, ಒಡೆದರೆ ಹಳದಿ ಪೇಲವ, ಮೋಸ ಹೋದೆನಾ ಅಂತ ಕೇಳಿದ್ದೀರಿ. ಪೇಲವ ಅಂದಮಾತ್ರಕ್ಕೆ ಮೊಟ್ಟೆ ಕೆಟ್ಟದ್ದಲ್ಲ. ಹಳದಿಯ ಬಣ್ಣ ಮೇವಿನಿಂದ ಬರುತ್ತದೆ. ಮೆಕ್ಕೆಜೋಳ, ಸೊಪ್ಪು ತಿಂದರೆ ಗಾಢ, ಬರೀ ನುಚ್ಚಕ್ಕಿ ತಿಂದರೆ ಪೇಲವ.

ಚಿಪ್ಪಿನ ಬಣ್ಣ ತಳಿಯದ್ದು. ಫಾರಂ ಕೋಳಿಗಳಲ್ಲೂ ಕಂದು ಮೊಟ್ಟೆ ಇಡುವ ತಳಿಗಳಿವೆ, ಸುಮ್ನೆ ಬಣ್ಣ ನೋಡಿ ಜಾಸ್ತಿ ಕೊಡಬೇಡಿ. ಅಂಡಾಶಯದಿಂದ ಹಳದಿ ಬಿಟ್ಟ ಮೇಲೆ ಮೊಟ್ಟೆ ಹೊರಬರಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪಿಗೇ ಹೋಗುತ್ತದೆ. ಕಂದು ಬಣ್ಣ ಕೂರುವುದು ಕೊನೆಯಲ್ಲಿ. ಒಡೆದ ಚಿಪ್ಪಿನ ಒಳಗೆ ನೋಡಿ, ಬೆಳ್ಳಗಿರುತ್ತದೆ ಅಲ್ವಾ?

ತಾಜಾತನ ನೋಡಬೇಕಾ, ತಟ್ಟೆಗೆ ಒಡೆದು ಹಾಕಿ. ಹಳದಿ ಗುಂಡಗೆ ಎದ್ದು ನಿಂತು, ಸುತ್ತ ಬಿಳಿ ಲೋಳೆ ದಪ್ಪಗೆ ಹಿಡಿದುಕೊಂಡಿದ್ದರೆ ತಾಜಾ. ನೀರಿನಂತೆ ಹರಡಿದರೆ ಹಳೇದು.