ಪ್ರಾಣಿಗಳೇ ಸಹಕಾರದಿಂದ ಬದುಕುತ್ತವೆ ಅಂದ ಮೇಲೆ ರೈತರ ನೀರಿನ ಗುಂಪಿಗೆ ನಿಯಮ, ದಂಡ ಯಾಕೆ?

ಪ್ರಾಣಿಗಳು ಒಂದಕ್ಕೊಂದು ನೆರವಾಗಿ ಬದುಕುತ್ತವೆ ಅಂದ ರಷ್ಯಾದ ಲೇಖಕ ಕ್ರೊಪಾಟ್ಕಿನ್‌ನನ್ನು ಓದಿ, ನೀರು ಹಂಚಿಕೊಳ್ಳುವ ನಿಮ್ಮ ಬೋರ್‌ವೆಲ್ ಗುಂಪಿಗೆ ನಿಯಮವೇ ಬೇಡ ಅನ್ನುತ್ತಿದ್ದೀರಿ. ಸಿಂಧನೂರು ಕಡೆಯ ನಮ್ಮೂರಲ್ಲಿ ನಾನೂ ಇದನ್ನೇ ಹೇಳಿದ್ದೆ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರು ಭತ್ತ ಹಚ್ಚಿದರೆ ನಮಗೆ ತೇವ ಬಂದರೆ ಪುಣ್ಯ. ನಮ್ಮ ತೂಬಿನ ಕೆಳಗಿನವರೆಲ್ಲ ಕೂತು ಪಾಳಿ ಮಾತಾಡಿದೆವು. ಬರೆಯುವವರು ಯಾರು, ದಂಡ ಎಷ್ಟು ಅಂತ ಮಾತು ಬಂದಾಗ ನಾನೇ ತಡೆದೆ. ಪುಸ್ತಕ ತಲೆಗೇರಿತ್ತು. 1862ರಲ್ಲಿ ಸೇನಾಧಿಕಾರಿಯಾಗಿ ಸೈಬೀರಿಯಾಕ್ಕೆ ಹೋದ ಕ್ರೊಪಾಟ್ಕಿನ್ ಪ್ರಾಣಿಗಳ ಪೈಪೋಟಿ ಹುಡುಕಿದ. ಕಂಡದ್ದು ಅಮುರ್ ನದಿ ದಾಟಲು ಗುಂಪುಗೂಡಿದ ಸಾವಿರಾರು ಜಿಂಕೆಗಳು. 1888ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿ ಪ್ರಾಣಿಲೋಕವನ್ನು ಕಾದಾಟದ ಅಖಾಡ ಅಂದಾಗ ಲೇಖನಗಳನ್ನು ಬರೆದು ಉತ್ತರ ಕೊಟ್ಟ. 1902ರಲ್ಲಿ ಅವೇ ‘ಮ್ಯೂಚುಯಲ್ ಏಡ್’ (ಪರಸ್ಪರ ನೆರವು) ಅನ್ನುವ ಪುಸ್ತಕವಾದವು. ಮೇಲಾಗಿ ಅವನು ಸರ್ಕಾರವೇ ಬೇಡ ಅನ್ನುವ ಅರಾಜಕತಾವಾದಿ. ಜಿಂಕೆಗೆ ತಹಶೀಲ್ದಾರ್ ಬೇಕಿಲ್ಲ, ನಮಗ್ಯಾಕೆ ದಂಡ ಅಂದೆ. ಎಲ್ಲರೂ ಒಪ್ಪಿದರು. ದಂಡ ಬೇಡ ಅಂದರೆ ಯಾರಿಗೆ ಬೇಜಾರು?

ಭತ್ತ ಹೊಡೆ ಹಾಯುವ ಹೊತ್ತಿಗೆ ನೀರು ನಿಂತಿತು. ರಾತ್ರಿ ಬ್ಯಾಟರಿ ಹಿಡಿದು ಕಾಲುವೆಗುಂಟ ಹೋದೆ. ನಮ್ಮ ಕಡೆಯ ಬಾಯಿಗೆ ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ಇಟ್ಟು, ಸಂದಿಗೆ ಹುಲ್ಲು ತುರುಕಿದ್ದರು. ಸಲಿಕೆ ಹಿಡಿದು ಕೂತಿದ್ದವನು ನಮ್ಮ ದೊಡ್ಡಪ್ಪನ ಮಗ.

"ಪಾಳಿ ನಂದಲ್ಲೇನು ಅಣ್ಣಾ?"

"ಎಲ್ಲಿ ಬರದದ ತೋರ್ಸು ತಮ್ಮಾ."

ಬರೆಯುವುದು ಬೇಡ ಅಂದವನು ನಾನೇ ಅಲ್ವಾ! ಆ ವರ್ಷ ಒಣಗಿದ ಪೈರಿಗೆ ದನ ಬಿಟ್ಟೆ. ಗೊಬ್ಬರದ ಸಾಲ ಹಾಗೇ ಉಳಿಯಿತು.

ಕ್ರೊಪಾಟ್ಕಿನ್ ತಪ್ಪು ಹೇಳಿರಲಿಲ್ಲ. ನನಗೆ ಹಿಡಿಸಿದ್ದನ್ನಷ್ಟೇ ನಾನು ಓದಿದ್ದೆ. ಅದೇ ಪುಸ್ತಕದಲ್ಲಿ ಇರುವೆಯ ವಿಷಯ ಇದೆ. ಹೊಟ್ಟೆ ತುಂಬಿದ ಇರುವೆ ಹಸಿದ ಜೊತೆಗಾರನಿಗೆ ಉಣಿಸದಿದ್ದರೆ, ಉಳಿದವು ಅದನ್ನು ಶತ್ರುವಿಗಿಂತ ಕಡೆಯಾಗಿ ಕಾಣುತ್ತವೆ. ಇದು ದಂಡ ಅಲ್ಲದೆ ಇನ್ನೇನು? ಅವನು ಹೊಗಳುವ ಮಧ್ಯಯುಗದ ಕಸುಬುದಾರರ ಸಂಘಗಳಿಗೂ ಕಟ್ಟಳೆ ಇದ್ದವು. ಮೇಲಿನಿಂದ ಹೇರುವ ಯಜಮಾನ ಬೇಡ ಅಂದನೇ ಹೊರತು, ಎಲ್ಲರೂ ಕೂತು ಮಾಡಿಕೊಂಡ ಕಟ್ಟಳೆಯನ್ನು ಬೇಡ ಅನ್ನಲಿಲ್ಲ. ನಮ್ಮ ಮುಯ್ಯಿ ಆಳಿನ ಲೆಕ್ಕವೂ ಅದೇ. ನನ್ನ ಹೊಲದ ಕಳೆಗೆ ನೀವು ಬರದಿದ್ದರೆ ನಿಮ್ಮದಕ್ಕೆ ನಾನು ಬರುವುದಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ಅಲ್ಲದೆ ಪ್ರಾಣಿ ನೋಡಿ ಬೋರ್‌ವೆಲ್ ನಡೆಸುವ ಯೋಚನೆಯನ್ನೇ ಬಿಡಿ. ಕಾಡಿನಲ್ಲಿ ಕಿತ್ತಾಟವೂ ಇದೆ. ಕ್ರೊಪಾಟ್ಕಿನ್ ಅದನ್ನು ಇಲ್ಲ ಅಂದಿಲ್ಲ, ವಿಕಾಸಕ್ಕೆ ಸಹಕಾರವೂ ಒಂದು ಕಾರಣ ಅಂದ. ಅದರಿಂದ ನಿಮ್ಮ ಮೋಟಾರ್ ಸುಟ್ಟರೆ ದುಡ್ಡು ಯಾರು ಹಾಕಬೇಕು ಅಂತ ಗೊತ್ತಾಗುತ್ತದಾ?

ಯಾರಿಗೆ ಯಾವ ದಿನ ಎಷ್ಟು ತಾಸು ನೀರು ಅಂತ ಪಂಪ್ ಮನೆ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿ. ದಂಡ ಸಣ್ಣದಿರಲಿ, ವಸೂಲಿ ಮಾತ್ರ ತಪ್ಪಬಾರದು. ಸ್ಟಾರ್ಟರ್ ಡಬ್ಬಿಯ ಕೀಲಿ ಎಲ್ಲರಿಗಿಂತ ದೂರದ ಹೊಲದವನ ಕೈಗೆ ಕೊಡಿ. ನೀರು ಕೊನೆ ಮುಟ್ಟಿತೋ ಇಲ್ವೋ ಅವನಿಗೇ ಮೊದಲು ಗೊತ್ತಾಗುವುದು.