೧೦೦ ಕ್ರೋನಾ ನೋಟಿನ ಮೇಲಿನ '೧೯೨೮' ಮುದ್ರಣದ ವರ್ಷವೇ?

ನಮಸ್ಕಾರ. ನೀವು ಕೊಳ್ಳಬೇಕೆಂದಿರುವ, ಐಸ್‌ಲ್ಯಾಂಡಿನ ಲ್ಯಾಂಡ್ಸ್‌ಬಾಂಕಿ ಎಂಬ ಬ್ಯಾಂಕಿನ ೧೦೦ ಕ್ರೋನಾ ನೋಟಿನ ಮೇಲೆ '15 ಏಪ್ರಿಲ್ 1928' ಎಂದಿದೆ, ಮಾರುವವರು 'ಮೊದಲ ಮುದ್ರಣ' ಎನ್ನುತ್ತಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಆ ಒಂದು ತಾರೀಖು ನೋಡಿ ದಯವಿಟ್ಟು ದುಡ್ಡು ಕೊಡಬೇಡಿ. ಅದು ನೋಟು ಹೊರಡಿಸಲು ಅಧಿಕಾರ ಕೊಟ್ಟ ಕಾಯ್ದೆಯ ದಿನ. 500ರ ನೋಟು ಬಂದದ್ದೇ 1944ರಲ್ಲಿ, ಅದರಲ್ಲೂ 1928 ಎಂದೇ ಇದೆ! 1950ರ ದಶಕದವರೆಗೂ ಇದೇ ತಾರೀಖು ಅಚ್ಚಾಗುತ್ತಿತ್ತು.

ಹಾಗಾಗಿ ಬಣ್ಣ, ಸಹಿಗಳ ಜೋಡಿ, ಕ್ರಮಸಂಖ್ಯೆ ಈ ಮೂರನ್ನೂ ನೋಟು ಸಂಗ್ರಾಹಕರ ಕ್ಯಾಟಲಾಗಿನೊಂದಿಗೆ ಹೋಲಿಸಿ. ಮುಂಭಾಗದಲ್ಲಿ ಐಸ್‌ಲ್ಯಾಂಡಿನ ಸ್ವಾತಂತ್ರ್ಯ ಚಳವಳಿಯ ನಾಯಕ ಯೋನ್ ಸಿಗುರ್ಡ್ಸನ್, ಹಿಂಭಾಗದಲ್ಲಿ ಕುರಿಮಂದೆ ಇರುವುದರಿಂದ ಮಾತ್ರ ಕಾಲ ಗೊತ್ತಾಗದು.

ನಿಜವಾಗಿ ಅಪರೂಪದವು 1885ರ ಸೆಪ್ಟೆಂಬರ್ 18ರ ಕಾಯ್ದೆಯಡಿ ಬಂದ 5, 10, 50 ಕ್ರೋನಾ ನೋಟುಗಳು. ಅವುಗಳಲ್ಲಿ ಡೆನ್ಮಾರ್ಕಿನ ದೊರೆ ಒಂಬತ್ತನೇ ಕ್ರಿಶ್ಚಿಯನ್ ಚಿತ್ರವಿದೆ.

ಕೊಳ್ಳುವ ಮುನ್ನ ಟಾರ್ಚನ್ನು ನೋಟಿನ ಅಂಚಿನಿಂದ ಓರೆಯಾಗಿ ಹಿಡಿಯಿರಿ. ತೊಳೆದು ಇಸ್ತ್ರಿ ಮಾಡಿದ್ದರೆ ಉಬ್ಬುಶಾಯಿ ಚಪ್ಪಟೆಯಾಗಿ, ಹಳೆಯ ಮಡಿಕೆಯ ಗೆರೆ ಮಸುಕಾಗಿ ಉಳಿದಿರುತ್ತದೆ. ಅಂಥದ್ದಕ್ಕೆ ಹೊಸ ನೋಟಿನ ಬೆಲೆ ಕೊಡಬಾರದು. ಪಿವಿಸಿ ಕವರಿನಲ್ಲಿ ಇಡಲೇಬೇಡಿ, ವರ್ಷ ಕಳೆದಂತೆ ಅಂಟಂಟಾಗಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು ತೆಗೆದುಕೊಳ್ಳಿ.

ಅಂದಹಾಗೆ 1981ರಲ್ಲಿ 100 ಹಳೇ ಕ್ರೋನಾ 1 ಹೊಸ ಕ್ರೋನಾ ಆಯಿತು. ಮುಖಬೆಲೆ ಲೆಕ್ಕಕ್ಕೇ ಬಾರದು. ಎರಡೂ ಬದಿಯ ಸ್ಪಷ್ಟ ಫೋಟೋ ಹಾಕಿ, ಸಹಿ ನೋಡಿ ಹೇಳೋಣ.